ತ್ಯಜಿಸಿದ ಆಡಂಬರ ಮರಳಿ ಬಂದಾಗ

ಪಾಸ್ಖ ಜಾಗರಣೆಯ ರಾತ್ರಿ ಉರಿಯುವ ಮೋಂಬತ್ತಿ ಹಿಡಿದು ನಿಂತ ನಮ್ಮನ್ನು ಗುರುಗಳು ಪ್ರತಿವರ್ಷವೂ ಪ್ರಶ್ನಿಸುತ್ತಾರೆ. ಸೈತಾನನನ್ನೂ ಅವನ ಕೃತ್ಯಗಳನ್ನೂ ಆಡಂಬರಗಳನ್ನೂ ತ್ಯಜಿಸುತ್ತೇವೆಂದು ನಾವು ಒಕ್ಕೊರಲಿನಿಂದ ಉತ್ತರಿಸುತ್ತೇವೆ. ಸೈತಾನನ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ‘ಆಡಂಬರ’ ಎಂಬ ಮಾತು ಮಾತ್ರ ಎಷ್ಟು ಮಂದಿಯ ಮನಸ್ಸಿಗೆ ತಟ್ಟುತ್ತದೋ ತಿಳಿಯದು.

ಹಳೆಯ ಲತೀನ್ ವಿಧಿಯಲ್ಲಿ ಈ ಪದ ‘ಪೊಂಪಾ’, ಅಂದರೆ ಮೆರವಣಿಗೆ. ರೋಮಿನಲ್ಲಿ ರಥಗಳ ಪಂದ್ಯಕ್ಕೆ ಮುನ್ನ ಅಲ್ಲಿನ ದೇವತೆಗಳ ಪ್ರತಿಮೆಗಳೊಡನೆ ಸಾಗುತ್ತಿದ್ದ ವೈಭವದ ಮೆರವಣಿಗೆಗೂ ಇದೇ ಹೆಸರು. ಜ್ಞಾನಸ್ನಾನದಲ್ಲಿ ಅದನ್ನು ತ್ಯಜಿಸಿದವರಿಗೆ ಆ ಕ್ರೀಡಾಂಗಣದಲ್ಲಿ ಏನು ಕೆಲಸವೆಂದು ಕ್ರಿ.ಶ. 200ರ ಸುಮಾರಿಗೆ ಕಾರ್ತೇಜಿನ ತೆರ್ತುಲ್ಲಿಯನ್ ವಾದಿಸಿದ. ಲೋಕದಿಂದ ಬೇರೆಯಾಗಿ ಬಾಳಲು ಆ ಕ್ರೈಸ್ತರು ಕಾಡಿಗೇನೂ ಹೋಗಲಿಲ್ಲ. ಊರೆಲ್ಲ ಓಡುವ ಕಡೆಗೆ ಓಡದೆ ಉಳಿಯಬೇಕಾಗಿತ್ತು, ಅಷ್ಟೆ.

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಆ ಮೆರವಣಿಗೆ ಈಗ ಶುಭಕಾರ್ಯಗಳ ಬಾಗಿಲಿನಿಂದಲೇ ಒಳಬರುತ್ತಿದೆ. ಮದುವೆಗೆ ಮುನ್ನ ಮನೆಯಂಗಳದಲ್ಲಿ ಹಿರಿಯರು ತೆಂಗಿನ ಹಾಲು ಹಚ್ಚಿ ಹರಸುತ್ತಿದ್ದ ರೋಸ್ ಎಷ್ಟು ಚೆಂದದ ಆಚರಣೆ! ಅದಕ್ಕೂ ಈಗ ಸಭಾಂಗಣ, ಧ್ವನಿವರ್ಧಕ, ಮದ್ಯದ ಮೇಜು ಬೇಕಾಗಿವೆ. (ಆ ಮೇಜಿನ ಬಳಿ ನಾನೂ ನಿಂತವನೇ.) 1961ರ ಕಾಯಿದೆ ನಿಷೇಧಿಸಿದ ವರದಕ್ಷಿಣೆಯೂ ‘ಮದುವೆಯ ಖರ್ಚು ನಿಮ್ಮದು’ ಎಂಬ ಮರ್ಯಾದಸ್ಥ ಮಾತಿನ ಮರೆಯಲ್ಲಿ ಬರುವುದುಂಟು.

ಕಾನಾ ಊರಿನ ಮದುವೆಗೆ ಪ್ರಭುವೇ ಹೋಗಿ ದ್ರಾಕ್ಷಾರಸ ಒದಗಿಸಲಿಲ್ಲವೆ ಎಂದು ಕೇಳುವವರಿದ್ದಾರೆ. ಒದಗಿಸಿದರು. ಕೊರತೆಯಾದ ಮನೆಯ ಮಾನ ಅದರಿಂದ ಉಳಿಯಿತು. ಅದು ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೂ ತಿಳಿಯಲಿಲ್ಲ. ನಮ್ಮ ಔತಣಗಳಾದರೋ ಇಲ್ಲದವರ ಮಾನವನ್ನು ಕಳೆಯುತ್ತಿವೆ.

ನನ್ನ ಪರಿಚಯದ ತಂದೆಯೊಬ್ಬರು ಮಗಳ ಮೊದಲ ಪರಮಪ್ರಸಾದವನ್ನು ಒಂದು ವರ್ಷ ಮುಂದೂಡಿದರು. ಮಗು ಜಪಗಳನ್ನೆಲ್ಲ ಕಲಿತಿತ್ತು. ಹೊಂದಿಸಲಾಗದೆ ಹೋದದ್ದು ಹಾಲಿನ ಬಾಡಿಗೆ ಮತ್ತು ಊಟದ ಹಣ. ಬಿಳಿಯುಡುಪು ತೊಟ್ಟು ಪೀಠದತ್ತ ನಡೆದ ಗೆಳತಿಯರನ್ನು ಅವಳು ಹಿಂದಿನ ಬೆಂಚಿನಿಂದ ನೋಡಿದಳು. ಸಾಲ ಮಾಡಿಯಾದರೂ ಮಾಡಬಹುದಿತ್ತಲ್ಲ ಎಂದ ಬಂಧುಗಳೂ ಇದ್ದರು. ಪ್ರಭುಭೋಜನಕ್ಕೆ ಹೀಗೆ ಬೆಲೆ ಗೊತ್ತುಮಾಡಿದವರು ಯಾರು?

ಮೊದಲ ಪರಮಪ್ರಸಾದದ ದಿನ ಬಲಿಪೂಜೆಯ ನಂತರ ಚರ್ಚಿನ ಅಂಗಳದಲ್ಲೇ ಎಲ್ಲ ಮಕ್ಕಳಿಗೂ ಮನೆಯವರಿಗೂ ಒಂದೇ ಉಪಾಹಾರವಿರಲಿ. ಬೇರೆ ಔತಣ ಬೇಡ. ಪಾಲನಾ ಪರಿಷತ್ತಿನ ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ಉಳ್ಳವರೇ ಎದ್ದು ಮಂಡಿಸಬೇಕು. ಬಡವನ ಬಾಯಲ್ಲಿ ಬಂದರೆ ಕೈಲಾಗದವನ ಮಾತೆಂದು ನಗುವವರು ನಮ್ಮಲ್ಲಿನ್ನೂ ಇದ್ದಾರೆ.