ಗಡಿನಾಡ ಹಳ್ಳಿಗಳಿಗೆ ಬಸ್ಸು: ‘ಗ್ರಾಮವಂಡಿ’ಯ ಡೀಸೆಲ್ ಲೆಕ್ಕ ಮತ್ತು ತಲಪಾಡಿಯ ಗೆರೆ

ತಿರುವನಂತಪುರ: ಮುಂಬಯಿಯಿಂದ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದ ಕಾಸರಗೋಡಿನ ಕನ್ನಡಿಗರು ಮರುದಿನ ಊರಿನ ಸ್ಟೇಶನ್‌ನಲ್ಲಿ ಇಳಿಯುತ್ತಾರೆ. ಅದೇ ರೈಲು ಎರ್ನಾಕುಳಂ ದಾಟಿ ರಾಜಧಾನಿ ತಿರುವನಂತಪುರ ಸೇರುತ್ತದೆ. ರೈಲಿನ ಇಷ್ಟು ದೀರ್ಘ ಪ್ರಯಾಣದಲ್ಲಿ ಇಲ್ಲದ ಚಿಂತೆ ಶುರುವಾಗುವುದು ಸ್ಟೇಶನ್‌ನಿಂದ ಮನೆಗಿರುವ ಕೊನೆಯ ಇಪ್ಪತ್ತು ಮೂವತ್ತು ಕಿ.ಮೀ.ಗೆ. ಎಣ್ಮಕಜೆ, ಬೆಳ್ಳೂರು, ಪೈವಳಿಕೆ, ದೇಲಂಪಾಡಿಯ ಒಳಭಾಗಗಳಲ್ಲಿ ಸಂಜೆಯ ಬಸ್ಸು ತಪ್ಪಿದರೆ ರಿಕ್ಷಾವೇ ಗತಿ. ರಜೆಗೆ ಬಂದವರಿಗೆ ಇದು ಒಂದು ದಿನದ ತೊಂದರೆ. ಅಲ್ಲಿಯೇ ಇರುವ ಹಿರಿಯರಿಗೆ, ಕಾಲೇಜು ಮಕ್ಕಳಿಗೆ ನಿತ್ಯದ ಪಾಡು.

ಕೇರಳದಲ್ಲಿ ಸರಕಾರಿ ಬಸ್ಸಿಗೆ ಒಳ್ಳೆಯ ಇತಿಹಾಸವಿದೆ. 1938ರ ಫೆಬ್ರವರಿ 20ರಂದು ತಿರುವಿದಾಂಕೂರಿನ ಮಹಾರಾಜ ಶ್ರೀ ಚಿತ್ತಿರ ತಿರುನಾಳ್ ಸರಕಾರಿ ಸಾರಿಗೆಗೆ ಚಾಲನೆ ನೀಡಿದರು. ಇಂದಿನ ನಿಗಮ ರೂಪುಗೊಂಡದ್ದು 1965ರಲ್ಲಿ. ಆದರೆ ಆ ಪರಂಪರೆಯ ಫಲ ಹೆಚ್ಚಾಗಿ ದಕ್ಕಿದ್ದು ದಕ್ಷಿಣದ ಜಿಲ್ಲೆಗಳಿಗೆ. 1956ರವರೆಗೆ ದಕ್ಷಿಣ ಕನ್ನಡದೊಂದಿಗಿದ್ದ ಕಾಸರಗೋಡು ಮತ್ತು ಮಲಬಾರಿನ ಹಳ್ಳಿಗಳು ಇಂದಿಗೂ ಬಹುಮಟ್ಟಿಗೆ ಖಾಸಗಿ ಬಸ್ಸುಗಳನ್ನು ನಂಬಿವೆ. ಖಾಸಗಿಯವರನ್ನು ದೂರಿ ಪ್ರಯೋಜನವಿಲ್ಲ. ಜನರಿಲ್ಲದ ಟ್ರಿಪ್ಪನ್ನು ಕೈಯಿಂದ ದುಡ್ಡು ಹಾಕಿ ಓಡಿಸಲು ಅವರಿಗೆ ಯಾವ ಹಂಗೂ ಇಲ್ಲ.

ಇದಕ್ಕೊಂದು ಪರಿಹಾರವೆಂದು ಕೇರಳ ಕೆಎಸ್‌ಆರ್‌ಟಿಸಿ ರೂಪಿಸಿದ್ದು ‘ಗ್ರಾಮವಂಡಿ’ ಯೋಜನೆ. 2022ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಪಾರಶ್ಶಾಲ ಬಳಿಯ ಕೊಲ್ಲಯಿಲ್ ಪಂಚಾಯತ್‌ನಲ್ಲಿ ಮೊದಲ ಬಸ್ಸು ಹೊರಟಿತು. ಬಸ್ಸು, ಚಾಲಕ, ಕಂಡಕ್ಟರ್, ದುರಸ್ತಿ ನಿಗಮದ್ದು. ಡೀಸೆಲ್ ಖರ್ಚು ಪಂಚಾಯತ್‌ನದು. ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದನ್ನು ಪಂಚಾಯತ್ ಸೂಚಿಸಬಹುದು. ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆ ಪಂಚಾಯತ್ ಕೂಡ ಇದಕ್ಕೆ ಕೈಹಾಕಿತು.

ಯೋಜನೆ ಸರಳವಾಗಿದೆ, ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಒಂದು ಬಸ್ಸು ದಿನಕ್ಕೆ 150 ಕಿ.ಮೀ. ಓಡಿ, ಲೀಟರಿಗೆ 4 ಕಿ.ಮೀ. ಕೊಟ್ಟಿತೆಂದು ಹಿಡಿದರೆ ಸುಮಾರು 37 ಲೀಟರ್ ಡೀಸೆಲ್ ಬೇಕು. ಲೀಟರಿಗೆ 95 ರೂ.ನಂತೆ ದಿನಕ್ಕೆ ಮೂರೂವರೆ ಸಾವಿರ, ತಿಂಗಳಿಗೆ ಒಂದು ಲಕ್ಷ ದಾಟುತ್ತದೆ. ಟಿಕೇಟಿನ ಹಣ ನಿಗಮಕ್ಕೆ. ಪೇಟೆ, ಮಾರುಕಟ್ಟೆ ಇರುವ ಪಂಚಾಯತ್ ಇದನ್ನು ಹೇಗೋ ಹೊಂದಿಸಬಹುದು. ಗುಡ್ಡ, ಅಡಿಕೆ ತೋಟ, ರಬ್ಬರಿನ ನಡುವೆ ಚದುರಿದ ಮನೆಗಳಿರುವ ಗಡಿ ಪಂಚಾಯತ್‌ಗೆ ವರ್ಷಕ್ಕೆ ಹನ್ನೆರಡು ಹದಿಮೂರು ಲಕ್ಷ ಸಣ್ಣ ಮೊತ್ತವಲ್ಲ. ಬಸ್ಸು ಯಾರಿಗೆ ಹೆಚ್ಚು ಅಗತ್ಯವೋ ಅವರ ಕಿಸೆಯೇ ಬರಿದು. ಯೋಜನೆಯ ದೊಡ್ಡ ದೋಷ ಇದೇ. ಬಡ ಪಂಚಾಯತ್‌ಗಳ ಅರ್ಧ ಡೀಸೆಲನ್ನಾದರೂ ಸರಕಾರ ಭರಿಸುವುದು ನ್ಯಾಯ.

ಎರಡನೆಯ ತೊಡಕು ತಲಪಾಡಿಯದು. ಮಂಜೇಶ್ವರ, ವರ್ಕಾಡಿ, ಮೀಂಜದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ಕಾಲೇಜು, ಕೆಲಸಕ್ಕೂ ಅಲ್ಲಿಗೇ. ಎಂಡೋಸಲ್ಫಾನ್‌ನಿಂದ ನೊಂದ ಎಣ್ಮಕಜೆಯ ಕುಟುಂಬಗಳಿಗೆ ಹತ್ತಿರದ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಆದರೆ ಪಂಚಾಯತ್ ಡೀಸೆಲ್ ಕೊಟ್ಟ ಮಾತ್ರಕ್ಕೆ ಬಸ್ಸು ರಾಜ್ಯದ ಗೆರೆ ದಾಟದು. ಅದಕ್ಕೆ ಎರಡು ರಾಜ್ಯಗಳ ಒಪ್ಪಂದ, ಪರ್ಮಿಟ್ ಬೇಕು. ಮಂಗಳೂರು-ಕಾಸರಗೋಡು ಹೆದ್ದಾರಿಯಲ್ಲಿ ಎರಡೂ ಕೆಎಸ್‌ಆರ್‌ಟಿಸಿಗಳು ಧಾರಾಳ ಓಡುತ್ತವೆ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಆ ಧಾರಾಳತನ ಕಾಣದು. 2020ರ ಮಾರ್ಚ್‌ನಲ್ಲಿ ಗಡಿಗೆ ಮಣ್ಣು ಸುರಿದು ರೋಗಿಗಳನ್ನು ತಡೆದಾಗ, ಆ ಗೆರೆಯ ಬೆಲೆ ಏನೆಂದು ಇಲ್ಲಿನವರು ಅರಿತಿದ್ದಾರೆ.

2023ರ ಜೂನ್‌ನಿಂದ ಕರ್ನಾಟಕದಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಜಾರಿಯಾಯಿತು. ಕರ್ನಾಟಕದ ವಿಳಾಸದ ಗುರುತು ಚೀಟಿ ಇದ್ದವರಿಗೆ ಮಾತ್ರ ಅದು. ಮಂಜೇಶ್ವರದ ಕನ್ನಡತಿ ಅದೇ ಬಸ್ಸಿನಲ್ಲಿ ಟಿಕೇಟು ಕೊಂಡು ಕೂರುತ್ತಾಳೆ.

ಗೆರೆಯ ಕಾಟ ರಾಜ್ಯದ ಗಡಿಯಲ್ಲಿ ಮಾತ್ರ ಇಲ್ಲ. ಕೊಚ್ಚಿಯ ಕನ್ನಡಿಗರಿಗೆ ವೈಪಿನ್ ದ್ವೀಪದ ಕಥೆ ಗೊತ್ತಿದ್ದದ್ದೇ. 2004ರಲ್ಲಿ ಗೋಶ್ರೀ ಸೇತುವೆಗಳು ತೆರೆದರೂ ಅಲ್ಲಿನ ಖಾಸಗಿ ಬಸ್ಸುಗಳು ವರ್ಷಗಟ್ಟಲೆ ಹೈಕೋರ್ಟ್ ಜಂಕ್ಷನ್‌ನಲ್ಲೇ ನಿಂತವು. ನಗರದೊಳಗೆ ಹೋಗಲು ದ್ವೀಪದವರು ಇನ್ನೊಂದು ಬಸ್ಸು ಹತ್ತಿ ಮತ್ತೆ ಟಿಕೇಟು ತೆಗೆಯಬೇಕಿತ್ತು. ಸೇತುವೆ ಇದ್ದೂ ಪರ್ಮಿಟ್ ಇಲ್ಲದ ಸ್ಥಿತಿ! ವೈಪಿನ್‌ನವರು ಸುಮ್ಮನೆ ಕೂರದೆ ಸಂಘಟಿತರಾಗಿ ಪದೇ ಪದೇ ಕೇಳಿದ್ದರಿಂದಲೇ ಆ ಪ್ರಶ್ನೆ ಜೀವಂತವಾಗಿ ಉಳಿಯಿತು.

ಕೇರಳದಲ್ಲಿ 2025ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಮುಗಿದು ಹೊಸ ಆಡಳಿತ ಬಂದಿದೆ. ಗ್ರಾಮವಂಡಿಗೆ ಹಣ ಮೀಸಲಿಡಬೇಕಾದವರು ಇವರೇ. ಯೋಜನೆಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಅಂಶವೊಂದಿದೆ: ಡೀಸೆಲ್ ವೆಚ್ಚವನ್ನು ವ್ಯಕ್ತಿಗಳೂ ಸಂಸ್ಥೆಗಳೂ ಪ್ರಾಯೋಜಿಸಬಹುದು. ವಾರ್ಷಿಕೋತ್ಸವದ ಶಾಲು, ಹಾರ, ಸ್ಮರಣಿಕೆಗೆ ಖರ್ಚು ಮಾಡುವ ಹೊರನಾಡಿನ ಸಂಘಗಳು ಒಂದು ಹಳ್ಳಿಯ ಬಸ್ಸಿಗೆ ಒಂದು ವಾರದ ಡೀಸೆಲ್ ಕೊಟ್ಟರೆ ಅದು ಇಪ್ಪತ್ತೈದು ಸಾವಿರದೊಳಗಿನ ಮಾತು. ಗಡಿ ದಾಟುವ ಪರ್ಮಿಟ್‌ಗೆ ಮಾತ್ರ ತಿರುವನಂತಪುರದ ಸಾರಿಗೆ ಇಲಾಖೆಯ ಬಾಗಿಲು ತಟ್ಟಲೇಬೇಕು. ಅಲ್ಲಿ ಮತ್ತು ಕೊಚ್ಚಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ಕಾಸರಗೋಡಿನವರಿಗಿಂತ ಸುಲಭ. ಮನವಿಯನ್ನು ಮಲಯಾಳಕ್ಕೆ ತರ್ಜುಮೆ ಮಾಡಿಸುವ ಅಗತ್ಯವೂ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್‌ಗೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು.