ಹೆಸರು ಊರಿನದು, ರುಚಿ ಮನೆಯದು

ಒಂದು ಜನಾಂಗದ ಸಂಸ್ಕೃತಿಯನ್ನು ಅಳೆಯಲು ಹೊರಟಾಗ ನಾವು ಅದರ ಕಾವ್ಯವನ್ನು ಓದುತ್ತೇವೆ, ಶಿಲ್ಪವನ್ನು ನೋಡುತ್ತೇವೆ. ಅಡಿಗೆಮನೆಯ ಕಡೆಗೆ ಮಾತ್ರ ಇಣಿಕಿಯೂ ನೋಡುವುದಿಲ್ಲ. ಫ್ರೆಂಚರ ವಿಷಯದಲ್ಲಿ ಹೀಗೆ ಮಾಡಿದರೆ ಅರ್ಧ ಫ್ರಾನ್ಸನ್ನೇ ಬಿಟ್ಟಂತಾಗುತ್ತದೆ. ಅವರ ಭೋಜನದ ಕೀರ್ತಿ ಪ್ಯಾರಿಸಿನ ಭಾರಿ ಹೋಟೆಲುಗಳಿಂದ ಬಂದುದೆಂದು ಹಲವರು ತಿಳಿದಿದ್ದಾರೆ. ಅದರ ಬೇರು ಹಳ್ಳಿಯ ಮಣ್ಣಿನಲ್ಲಿಯೂ ಮನೆಯ ಒಲೆಯ ಬಳಿಯೂ ಇದೆಯೆಂಬುದು ನನ್ನ ಅಭಿಪ್ರಾಯ.

ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿರುವ ಜೂರಾ ಪರ್ವತಸೀಮೆಯನ್ನು ತೆಗೆದುಕೊಳ್ಳೋಣ. ಅಲ್ಲಿಯ ಕೋಂಟೆ ಚೀಸಿನ ಒಂದು ಗಾಲಿ ಸುಮಾರು 40 ಕಿಲೋ ತೂಗುತ್ತದೆ. ಅದಕ್ಕೆ ಸುಮಾರು 400 ಲೀಟರ್ ಹಾಲು ಬೇಕು. ನಾಲ್ಕಾರು ಹಸುಗಳ ರೈತನಿಗೆ ಇದು ಒಬ್ಬಂಟಿಯಾಗಿ ಆಗುವ ಕೆಲಸವಲ್ಲ. ಆದುದರಿಂದ ಶತಮಾನಗಳ ಹಿಂದೆಯೇ ಊರಿನವರು ಹಾಲನ್ನು ಒಟ್ಟುಗೂಡಿಸಿದರು. ಬೇಸಿಗೆಯ ಹಾಲು ಹಿಮಗಾಲದ ಊಟವಾಯಿತು. ಅದೇ ಸೀಮೆಯ ಹಳದಿ ವೈನು ಪೀಪಾಯಿಯಲ್ಲಿ ಆರು ವರ್ಷಕ್ಕೂ ಮೇಲ್ಪಟ್ಟು ಮಲಗಿರುತ್ತದೆ. ಆರಿಹೋದಷ್ಟನ್ನು ಮತ್ತೆ ತುಂಬುವುದಿಲ್ಲ. ಮೇಲೆ ಯೀಸ್ಟಿನ ಕೆನೆ ಕಟ್ಟಿ, ಅಕ್ರೋಟಿನ ಪರಿಮಳ ಬರುತ್ತದೆ. ಕೋಂಟೆಯ ತುಣುಕಿಗೆ ಈ ವೈನಿನ ಗುಟುಕೇ ಜೊತೆ. ಒಂದೇ ನೆಲದಲ್ಲಿ ಹುಟ್ಟಿದ ಇವೆರಡಕ್ಕೂ ಹೊಂದಿಕೆಯಿರುವುದು ಆಶ್ಚರ್ಯವಲ್ಲ.

ಮನೆಯಡಿಗೆಯ ಮಾತೂ ಹಾಗೆಯೇ. 'ಪೊತೊಫ' ಎಂದರೆ ಬೆಂಕಿಯ ಮೇಲಿನ ಮಡಕೆಯೆಂದಷ್ಟೇ ಅರ್ಥ. ಮಾಂಸ, ಗಡ್ಡೆ, ಸೊಪ್ಪುಗಳು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯುತ್ತವೆ; ಮೊದಲು ತಿಳಿಸಾರು, ಅನಂತರ ಬೆಂದುದನ್ನು ಸಾಸಿವೆಯೊಡನೆ ತಿನ್ನುವುದು. ಇಂತಹ ಅಡಿಗೆಯನ್ನು ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ. ಮನೆಗೆಲಸಕ್ಕೆಂದು ಲಿಯೋನ್ ನಗರಕ್ಕೆ ಬಂದ ಹಳ್ಳಿಯ ಹೆಣ್ಣುಮಗಳು ಯೂಜೆನಿ ಬ್ರಾಜಿಯೆ 1933ರಲ್ಲಿ ತಮ್ಮ ಎರಡು ಭೋಜನಶಾಲೆಗಳಿಗೂ ಮಿಷೆಲಿನ್ ಕೈಪಿಡಿಯ ಮೂರು ಮೂರು ನಕ್ಷತ್ರಗಳನ್ನು ಪಡೆದರು.

ಇಷ್ಟೆಲ್ಲ ತಾನಾಗಿ ಉಳಿದುಬಂದುದಲ್ಲ. 19ನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರ ಎಂಬ ಕೀಟವು ದ್ರಾಕ್ಷಿಯ ಬೇರುಗಳನ್ನು ತಿಂದುಹಾಕಿತು. ವೈನಿಗೆ ಬರ ಬಂದೊಡನೆ ಕಲಬೆರಕೆ ಬೆಳೆಯಿತು. 1907ರಲ್ಲಿ ದಕ್ಷಿಣದ ಬೆಳೆಗಾರರು ಲಕ್ಷಗಟ್ಟಲೆಯಾಗಿ ಬೀದಿಗಿಳಿದರು. ನಾರ್ಬೋನ್ ಪಟ್ಟಣದಲ್ಲಿ ಸೈನ್ಯದ ಗುಂಡಿಗೆ ಜನ ಸತ್ತರು. ರೋಕ್‌ಫೋರ್ ಹಳ್ಳಿಯ ಗವಿಗಳಲ್ಲಿ ಮಾಗುವ ಕುರಿಹಾಲಿನ ಚೀಸಿಗೆ 1925ರಲ್ಲಿ ಶಾಸನದ ರಕ್ಷೆ ದೊರೆಯಿತು. 1935ರಲ್ಲಿ ವೈನುಗಳ ಊರಿನ ಹೆಸರುಗಳನ್ನು ಕಾಯಲು ಒಂದು ಸಂಸ್ಥೆಯೇ ಹುಟ್ಟಿತು.

ಆದರೆ ಕಾನೂನಿಗೂ ಒಂದು ಮೇರೆಯುಂಟು. 'ನಾರ್ಮಂಡಿಯ ಕಾಮಾಂಬೇರ್' ಎನ್ನಿಸಿಕೊಳ್ಳಲು ಚೀಸನ್ನು ಹಸಿಹಾಲಿನಿಂದ ಮಾಡಬೇಕು, ಹೆಪ್ಪನ್ನು ಸೌಟಿನಿಂದ ಪದರಪದರವಾಗಿ ಅಚ್ಚಿಗೆ ಹಾಕಬೇಕು. ಬರಿಯ 'ಕಾಮಾಂಬೇರ್' ಎಂಬ ಹೆಸರಿಗೆ ಈ ಕಟ್ಟುಪಾಡಿಲ್ಲ. ಅಂಗಡಿಗಳಲ್ಲಿ ಬಹುಪಾಲು ಕಾರ್ಖಾನೆಯ ಸರಕೇ ತುಂಬಿದೆ. ಕಾನೂನು ಹೆಸರನ್ನು ಕಾಯಬಲ್ಲದು. ಕೊಳ್ಳುವವನ ನಾಲಗೆಗೆ ವಿವೇಕವನ್ನು ಕಲಿಸಲಾರದು. ಅದನ್ನು ಕಲಿಸುವ ಪಾಠಶಾಲೆ ಮನೆಯೊಂದೇ. 2010ರಲ್ಲಿ ಯುನೆಸ್ಕೋ ಫ್ರೆಂಚರ ಭೋಜನವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನ್ನಿಸಿದುದು ಯಾವೊಂದು ಭಕ್ಷ್ಯವನ್ನೂ ಅಲ್ಲ. ಬಂಧುಮಿತ್ರರು ಕೂಡಿ ಉಣ್ಣುವ ಪದ್ಧತಿಯನ್ನು.

ವೈನಿನ ಪ್ರಶಂಸೆ ಕುಡಿತಕ್ಕೆ ಪ್ರೋತ್ಸಾಹವಲ್ಲವೇ ಎಂದು ಕೆಲವರು ಕೇಳಬಹುದು. ಫ್ರೆಂಚರೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 1956ರಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಊಟದಲ್ಲಿ ಮದ್ಯವನ್ನು ನಿಷೇಧಿಸಿದರು. 1960ರಲ್ಲಿ ತಲೆಗೆ ವರ್ಷಕ್ಕೆ 100 ಲೀಟರಿಗೂ ಮಿಕ್ಕಿದ್ದ ವೈನಿನ ಬಳಕೆ ಇಂದು ಅದರ ಅರ್ಧಕ್ಕೂ ಇಳಿದಿದೆ. ರುಚಿಯನ್ನು ಬಲ್ಲವನು ಮಿತಿಯನ್ನೂ ಬಲ್ಲನು.

ನಮ್ಮಲ್ಲಿಯೂ 1999ರ ಕಾಯಿದೆಯ ಮೇರೆಗೆ ನಂಜನಗೂಡಿನ ರಸಬಾಳೆಗೆ ಊರಿನ ಹೆಸರಿನ ರಕ್ಷೆ ದೊರೆತಿದೆ. ಹಾಗಿದ್ದೂ ಅದನ್ನು ಬೆಳೆಯುವ ತೋಟಗಳು ವಿರಳವಾಗಿವೆ. ವಿದ್ಯಾರ್ಥಿಮಿತ್ರರು ಫ್ರೆಂಚರ ಊಟವನ್ನು ಅನುಕರಿಸಬೇಕಾದುದಿಲ್ಲ. ತಮ್ಮ ಊರಿನ ರುಚಿಯ ವಿಷಯದಲ್ಲಿ ಅವರಿಗಿರುವ ಹಟದಲ್ಲಿ ಒಂದು ಪಾಲನ್ನಾದರೂ ಕಲಿತರೆ ಸಾಕು.