ಹಳೆಯ ವಿಸ್ಕಿ ಔಷಧಿಯೇ? ‘ಅಮೃತ್’ ಕಥೆಯಲ್ಲಿ ನಿಜವೆಷ್ಟು, ಸುಳ್ಳೆಷ್ಟು

“ನಮ್ಮ ಕರ್ನಾಟಕದ ವಿಸ್ಕಿ ಜಗತ್ತಿಗೇ ಮೂರನೆಯದು. ಹಳೆಯದಾದಷ್ಟೂ ಅದು ಔಷಧಿ. ಥಂಡಿಗೆ ಒಂದು ಚಮಚ ಸಾಕು.” ಚಳಿಗಾಲ ಬಂತೆಂದರೆ ಇಂಥ ಸಂದೇಶಗಳು ವಿಜಯಪುರ ನಗರದ ಫ್ಯಾಮಿಲಿ ಗ್ರೂಪುಗಳಿಂದ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರ ಗ್ರೂಪುಗಳವರೆಗೂ ಸುತ್ತುತ್ತವೆ. ಇದರಲ್ಲಿ ಮೊದಲ ಮಾತಿಗೆ ಒಂದಿಷ್ಟು ಆಧಾರವಿದೆ. ಅದರ ಬೆನ್ನೇರಿ ಉಳಿದ ಎರಡು ಸುಳ್ಳುಗಳೂ ಮನೆಯೊಳಗೆ ಬರುತ್ತವೆ. ಒಂದೊಂದಾಗಿ ನೋಡೋಣ.

ಬ್ರ್ಯಾಂಡಿನ ಇತಿಹಾಸ ಏನು?

ಅಮೃತ್ ಡಿಸ್ಟಿಲರೀಸ್ ಕಂಪನಿಯನ್ನು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದವರು ರಾಧಾಕೃಷ್ಣ ಜಗದಾಳೆ. ಅವರ ನಂತರ ಮಗ ನೀಲಕಂಠ ಜಗದಾಳೆ ಕಂಪನಿಯನ್ನು ಬೆಳೆಸಿದರು. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಹೆಚ್ಚಿನದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಸ್ಪಿರಿಟ್ ಬಳಸಿ ತಯಾರಾಗುತ್ತದೆ. ಅಮೃತ್ ಮಾತ್ರ ಬಾರ್ಲಿಯಿಂದಲೇ ‘ಸಿಂಗಲ್ ಮಾಲ್ಟ್’ ತಯಾರಿಸಿ, 2004ರಲ್ಲಿ ಅದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. 2010ರಲ್ಲಿ ವಿಮರ್ಶಕ ಜಿಮ್ ಮರ್ರೆ ತಮ್ಮ ಮಾರ್ಗದರ್ಶಿ ಪುಸ್ತಕದಲ್ಲಿ ‘ಅಮೃತ್ ಫ್ಯೂಷನ್’ಗೆ ಮೂರನೆಯ ಸ್ಥಾನ ಕೊಟ್ಟರು. ಅದು ಒಬ್ಬ ವಿಮರ್ಶಕರು ರುಚಿಗೆ ಕೊಟ್ಟ ಅಂಕ. ಆರೋಗ್ಯದ ಪ್ರಮಾಣಪತ್ರ ಅಲ್ಲ.

ಹಳೆಯದಾದಷ್ಟೂ ಒಳ್ಳೆಯದೇ?

ಕಂಪನಿ ಹಳೆಯದಾಗುವುದು ಬೇರೆ, ಮದ್ಯ ಮಾಗುವುದು ಬೇರೆ. ವಿಸ್ಕಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಬಣ್ಣ, ವಾಸನೆ ಬರುವುದು ಆ ಮರದಿಂದ. ಅಮೆರಿಕದ ಬೂರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕೆಂಬ ನಿಯಮವಿದೆ. ಅಲ್ಲಿ ಒಮ್ಮೆ ಬಳಸಿದ ಪೀಪಾಯಿಗಳನ್ನು ಅಮೃತ್‌ನಂಥ ಕಂಪನಿಗಳು ಕೊಳ್ಳುತ್ತವೆ. ಬಾಟಲಿಗೆ ಬಿದ್ದ ಮೇಲೆ ಮಾಗುವಿಕೆ ನಿಂತಿತು. ಕಪಾಟಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ಅದು ‘ಇಪ್ಪತ್ತು ವರ್ಷದ ವಿಸ್ಕಿ’ ಆಗದು.

ನಮ್ಮ ಹವೆಯಲ್ಲಿ ಬಹಳ ವರ್ಷ ಮಾಗಿಸುವುದೂ ಕಷ್ಟ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ, ಬೆಂಗಳೂರಿನಲ್ಲಿ 10ರಿಂದ 12%. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಶೆಡ್ಡಿನಲ್ಲಿ ಒಣಗಿ ಒಂದು ಕಿಲೋ ಒಣದ್ರಾಕ್ಷಿ ಆಗುವುದನ್ನು ಕಂಡ ತಿಕೋಟಾದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಔಷಧಿಯ ಮಾತು?

ಪೀಪಾಯಿ ರುಚಿಯನ್ನು ಬದಲಿಸುತ್ತದೆ, ಆಲ್ಕೋಹಾಲಿನ ಗುಣವನ್ನಲ್ಲ. 42.8% ಪ್ರಮಾಣದ 30 ಮಿ.ಲೀ. ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 12% ಪ್ರಮಾಣದ 100 ಮಿ.ಲೀ. ವೈನಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ‘ದ್ರಾಕ್ಷಿಯದ್ದು, ಹಣ್ಣಿನ ರಸವಿದ್ದಂತೆ’ ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿ ಬದಲಿಸಿದಾಗಲೇ ಅದು ವೈನ್.

ಕುಡಿದಾಗ ಬೆಚ್ಚಗೆನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಆಗ ದೇಹದ ಒಳಗಿನ ಶಾಖ ಹೊರಹೋಗುತ್ತದೆ. ಥಂಡಿ ತರುವ ವೈರಸ್ಸಿಗೆ ಏನೂ ಆಗುವುದಿಲ್ಲ. ಮಕ್ಕಳ ವಿಷಯದಲ್ಲಿ ಇದು ಅಪಾಯಕಾರಿ. ಚಿಕ್ಕ ಪ್ರಮಾಣವೂ ರಕ್ತದ ಸಕ್ಕರೆಯನ್ನು ಇಳಿಸಬಹುದು, ಹಾಗಾಗಿ ಕೂಸಿಗೆ ಒಂದು ಹನಿಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕುಡಿತಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು.

ಕೊನೆಗೆ

ಬೆಂಗಳೂರಿನ ಕಂಪನಿಯೊಂದು ಗ್ಲಾಸ್ಗೋದಲ್ಲಿ ಹೆಸರು ಮಾಡಿದ್ದು ಉದ್ಯಮದ ಕಥೆಯಾಗಿ ನಿಜ. ‘ಅಮೃತ’ ಎಂಬುದು ಮಾತ್ರ ಬಾಟಲಿಯ ಮೇಲಿನ ಹೆಸರು, ಒಳಗಿನ ಗುಣವಲ್ಲ. ಈ ಸಂದೇಶ ನಿಮಗೂ ಬಂದಿದ್ದರೆ ಮುಂದೆ ಕಳಿಸಬೇಡಿ; ಕಳಿಸಿದವರಿಗೆ ಈ ಮಾಹಿತಿ ಕೊಡಿ. ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ನೆರವು ಹುಡುಕುತ್ತಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.